ಮೆಟ್ಟಿಲಿಗೊಂದು ಬಾಗಿಲು

"ಗುರುಗಳೇ, ಮಕ್ಕಳನ್ನು ಬೀಳದ ಹಾಗೆ ಕಾಯಬೇಕೋ, ಬಿದ್ದು ಕಲಿಯಲಿ ಎಂದು ಬಿಡಬೇಕೋ?"

ಸಂಗಯ್ಯ ಹೀಗೆ ಕೇಳಿದ್ದು ಬೆಳಗಿನ ಪಾಠ ಮುಗಿದ ಮೇಲೆ. ಹಿಂದಿನ ದಿನವಷ್ಟೇ ಅವನು ತಂಗಿಯ ಮನೆಯಿಂದ ಮಠಕ್ಕೆ ಮರಳಿದ್ದ. ತಂಗಿಯ ಮಗ ಮೆಟ್ಟಿಲಿನಿಂದ ಉರುಳಿ ಹಣೆ ಒಡೆದುಕೊಂಡಿದ್ದ. ತಂಗಿ ಅಳುತ್ತಿದ್ದಳು, ಮನೆಯ ಹಿರಿಯರು ನಗುತ್ತಿದ್ದರು. ಇಷ್ಟಕ್ಕೆಲ್ಲ ಅಳುವುದೇ, ನಾವೂ ಬಿದ್ದವರೇ ಅಲ್ಲವೇ, ಹೀಗೆ ಅಂಜಿಸಿ ಸಾಕಿದರೆ ಹುಡುಗ ಪುಕ್ಕಲನಾಗುತ್ತಾನೆ ಎಂದು ಅವಳನ್ನೇ ಗದರಿಸಿದ್ದರು. ಸಂಗಯ್ಯನಿಗೆ ತಂಗಿಯ ಅಳುವೂ ಸರಿ ಎನಿಸಿತ್ತು, ಹಿರಿಯರ ಮಾತೂ ಸರಿ ಎನಿಸಿತ್ತು.

ಗುರುಗಳು ಪುಸ್ತಕ ಮುಚ್ಚಿಟ್ಟರು.

"ಕುಳಿತುಕೋ. ಒಬ್ಬ ಬೆಲ್ಲದ ವ್ಯಾಪಾರಿಯ ಕತೆ ಹೇಳುತ್ತೇನೆ."

ಒಂದು ಪೇಟೆಯಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನ ಮನೆಯ ನಡುಮನೆಯಿಂದ ಮಹಡಿಗೆ ಹದಿಮೂರು ಕಲ್ಲಿನ ಮೆಟ್ಟಿಲು. ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಏನೂ ಇಲ್ಲ, ಬರೀ ಬಯಲು. ಬೆಲ್ಲಕ್ಕೆ ಥಂಡಿ ತಾಗಬಾರದೆಂದು ಮೂಟೆಗಳನ್ನೆಲ್ಲ ಮಹಡಿಯ ಮೇಲೆ ಇಡುತ್ತಿದ್ದರು. ಬೆನ್ನ ಮೇಲೆ ಮೂಟೆ ಹೊತ್ತ ಹಮಾಲರಿಗೆ ಅಡ್ಡಿಯಾಗುತ್ತದೆ ಎಂದು ವ್ಯಾಪಾರಿಯ ಅಜ್ಜ ಆ ಮೆಟ್ಟಿಲಿಗೆ ಕಟಕಟೆ ಹಾಕಿಸಿರಲಿಲ್ಲ. ಅಪ್ಪನೂ ಹಾಕಿಸಲಿಲ್ಲ. ವ್ಯಾಪಾರಿಗೆ ಅದರ ಯೋಚನೆಯೇ ಬಂದಿರಲಿಲ್ಲ.

ಅವನ ಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಗುರುತಿತ್ತು. ಮೂರು ವರ್ಷದವನಿದ್ದಾಗ ಅದೇ ಮೆಟ್ಟಿಲಿನಿಂದ ಬಿದ್ದು ಆದದ್ದು. ಬಂದವರಿಗೆಲ್ಲ ಅದನ್ನು ಮುಟ್ಟಿ ತೋರಿಸುತ್ತಿದ್ದ. "ಬಿದ್ದೆ, ಎದ್ದೆ, ಅದೇ ದಿನ ಮತ್ತೆ ಹತ್ತಿದೆ" ಎನ್ನುತ್ತಿದ್ದ. ತನ್ನ ಗಟ್ಟಿತನಕ್ಕೆಲ್ಲ ಆ ಕಲ್ಲುಗಳೇ ಕಾರಣ ಎಂದು ಅವನು ನಿಜವಾಗಿಯೂ ನಂಬಿದ್ದ.

ಅವನಿಗೊಬ್ಬಳು ಮೊಮ್ಮಗಳು, ಹೆಸರು ಚೆನ್ನಿ. ಒಂದೂವರೆ ವರ್ಷದವಳು. ಮಹಡಿಯ ಮೇಲೆ ಬೆಲ್ಲವಿದೆ ಎಂಬುದು ಆ ಮಗುವಿಗೆ ನಡೆಯಲು ಬರುವ ಮೊದಲೇ ಗೊತ್ತಾಗಿತ್ತು. ಅಂಬೆಗಾಲಿಡುವಾಗಲೇ ಮೆಟ್ಟಿಲಿನ ಕಡೆ ಹೋಗುತ್ತಿತ್ತು. ಕಾಲು ಬಂದ ಮೇಲೆ ಕೇಳುವುದೇ ಬೇಡ. ಒಂದು ದಿನ ಚೆನ್ನಿಯ ತಾಯಿ ದಾಕ್ಷಾಯಣಿ ಉಕ್ಕುತ್ತಿದ್ದ ಹಾಲನ್ನು ಒಲೆಯಿಂದ ಇಳಿಸಲು ಒಳಗೆ ಹೋದಳು. ಹೊರಗೆ ಬರುವಷ್ಟರಲ್ಲಿ ಮಗು ಮೂರನೆಯ ಮೆಟ್ಟಿಲಿನಿಂದ ಬಿದ್ದು ತುಟಿ ಸೀಳಿಕೊಂಡಿತ್ತು.

ಮನೆಯವರು ದೃಷ್ಟಿ ತೆಗೆದರು. ಗಾಯಕ್ಕೆ ಅರಿಸಿನ ಮೆತ್ತಿದರು. ದಾಕ್ಷಾಯಣಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಮಾವನ ಮುಂದೆ ಬಂದು ನಿಂತಳು.

"ಮಾವ, ಮೆಟ್ಟಿಲ ಬುಡಕ್ಕೆ ಒಂದು ಸಣ್ಣ ಬಾಗಿಲು ಮಾಡಿಸಿ. ಬಯಲಿನ ಪಕ್ಕಕ್ಕೆ ಒಂದು ಕಟಕಟೆ ಹಾಕಿಸಿ."

"ನೋಡಮ್ಮ," ಎಂದ ವ್ಯಾಪಾರಿ. ಅವನಿಗೆ ಸಿಟ್ಟು ಬಂದಿರಲಿಲ್ಲ, ನಗು ಬಂದಿತ್ತು. "ಮೂರು ತಲೆಮಾರಿನ ಮಕ್ಕಳು ಈ ಮನೆಯಲ್ಲಿ ಬಾಗಿಲಿಲ್ಲದೆ ಬೆಳೆದಿದ್ದಾರೆ. ತಾಯಿಯಾದವಳ ಕಣ್ಣು ಮಗುವಿನ ಮೇಲಿದ್ದರೆ ಸಾಕು. ಹಾಲಿನ ಮೇಲಿದ್ದರೆ ಹೀಗೇ ಆಗುತ್ತದೆ."

ದಾಕ್ಷಾಯಣಿ ಅಂದಿನಿಂದ ಸೆರಗಿನ ತುದಿಯನ್ನು ಮಗುವಿನ ಸೊಂಟಕ್ಕೆ ಕಟ್ಟಿಕೊಂಡು ಒಲೆಯ ಮುಂದೆ ಕೂತಳು. ಮಗು ಎಳೆಯುತ್ತಿತ್ತು, ಅಳುತ್ತಿತ್ತು. ಕೆಲಸ ಸಾಗುತ್ತಿರಲಿಲ್ಲ. ಹೀಗೆ ಎರಡು ತಿಂಗಳು ಕಳೆಯಿತು.

ಒಂದು ದಿನ ಅವಳ ಅಕ್ಕನ ಮನೆಯಲ್ಲಿ ತೊಟ್ಟಿಲ ಶಾಸ್ತ್ರವಿತ್ತು. ಮಗುವಿಗೆ ಶೀತವಾಗಿತ್ತು. ಕರೆದುಕೊಂಡು ಹೋಗುವಂತಿರಲಿಲ್ಲ, ಬಿಟ್ಟು ಹೋಗಲು ಮನಸ್ಸು ಒಪ್ಪಲಿಲ್ಲ. ಗಂಡ ಬೆಲ್ಲ ತರಲು ಆಲೆಮನೆಗಳ ಕಡೆ ಹೋಗಿದ್ದ. ವ್ಯಾಪಾರಿಯೇ ಮುಂದೆ ಬಂದು ಹೇಳಿದ, "ನೀನು ಹೋಗಿ ಬಾ. ಮಗುವನ್ನು ನಾನು ನೋಡಿಕೊಳ್ಳುತ್ತೇನೆ. ಇವತ್ತು ಅಂಗಡಿಗೇ ಹೋಗುವುದಿಲ್ಲ. ಬಾಗಿಲು ಬೇಕೋ, ಕಣ್ಣು ಸಾಕೋ, ನೀನೇ ಬಂದು ನೋಡು."

ಅವನು ಮಾತಿಗೆ ತಪ್ಪುವವನಲ್ಲ. ನಡುಮನೆಯಲ್ಲಿ ಮೆಟ್ಟಿಲು ಕಾಣುವ ಹಾಗೆ ಕೂತ. ಎಲೆ ಅಡಿಕೆ ಹಾಕಿಕೊಳ್ಳಲಿಲ್ಲ, ಗೋಡೆಗೆ ಒರಗಲಿಲ್ಲ. ಚೆನ್ನಿ ಕಂಚಿನ ಲೋಟಗಳನ್ನು ಒಂದರೊಳಗೊಂದು ಹಾಕಿ ತೆಗೆದು ಆಡುತ್ತಿತ್ತು. ಬೆಳಗಿನಿಂದ ಮಧ್ಯಾಹ್ನದವರೆಗೆ ಅವನ ಕಣ್ಣು ಮಗುವಿನಿಂದ ಕದಲಲಿಲ್ಲ. ಇದರಲ್ಲಿ ಏನು ಕಷ್ಟವಿದೆ ಎಂದು ಅವನಿಗೆ ಆಶ್ಚರ್ಯವಾಯಿತು.

ಊಟದ ಹೊತ್ತು ಮುಗಿದಿತ್ತು. ದೂರದ ಊರಿನ ಗಿರಾಕಿಯೊಬ್ಬ ಬಾಗಿಲಲ್ಲಿ ನಿಂತು ನಮಸ್ಕಾರ ಎಂದ. ವ್ಯಾಪಾರಿ ಎದ್ದ. "ಬನ್ನಿ, ಬನ್ನಿ" ಎಂದ. ಮೂಲೆಯಲ್ಲಿದ್ದ ಚಾಪೆ ತೆಗೆದು, ಕೊಡವಿ, ಹಾಸಿದ. ತಿರುಗಿ ನೋಡಿದರೆ ಲೋಟಗಳು ಮಾತ್ರ ಇದ್ದವು.

ಚೆನ್ನಿ ಒಂಬತ್ತನೆಯ ಮೆಟ್ಟಿಲ ಮೇಲಿತ್ತು. ಎರಡೂ ಕೈ ಊರಿ ಹತ್ತನೆಯದಕ್ಕೆ ಕಾಲೆತ್ತುತ್ತಿತ್ತು. ವ್ಯಾಪಾರಿ "ಚೆನ್ನೀ!" ಎಂದು ಕೂಗಿದ. ಅಜ್ಜನ ದನಿ ಕೇಳಿ ಮಗು ನಗುತ್ತ ಹಿಂದಕ್ಕೆ ತಿರುಗಿತು. ತಿರುಗಿದ್ದು ಬಯಲಿನ ಕಡೆಗೆ.

ವೈದ್ಯರು ಬಂದರು. ಎಡಗೈಯ ಮೂಳೆಯನ್ನು ಕೂಡಿಸಿ ಪಟ್ಟಿ ಕಟ್ಟಿದರು. ತಲೆಯ ಏಟಿಗೆ ಮಾಡಬಹುದಾದದ್ದನ್ನು ಮಾಡಿದರು. ಮಗುವಿಗೆ ಎಚ್ಚರ ಬರಲಿಲ್ಲ. ಮುಂದಿನದು ಇವತ್ತೇ ಹೇಳಲಾಗುವುದಿಲ್ಲ ಎಂದರು.

ಸಂಜೆ ದಾಕ್ಷಾಯಣಿ ಬಂದಳು. ದಾರಿಯಲ್ಲೇ ಸುದ್ದಿ ತಿಳಿದಿತ್ತು. ಮಗುವಿನ ಪಕ್ಕ ಕೂತು ಅದರ ಅಂಗಾಲನ್ನು ಅಂಗೈಯಲ್ಲಿ ಹಿಡಿದುಕೊಂಡಳು. ಬಯ್ಯುತ್ತಾಳೆ ಎಂದು ವ್ಯಾಪಾರಿ ಕಾದ. ಬಯ್ದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳು ಬಯ್ಯಲಿಲ್ಲ. ಒಂದೇ ಮಾತು ಕೇಳಿದಳು.

"ಎಷ್ಟು ಹೊತ್ತು ಆಚೆ ತಿರುಗಿದ್ದಿರಿ, ಮಾವ?"

"ಒಂದು ಚಾಪೆ ಹಾಸುವಷ್ಟು ಹೊತ್ತು."

"ಅವತ್ತು ನನಗೂ ಅಷ್ಟೇ ಹೊತ್ತಾಗಿತ್ತು."

ಎರಡನೆಯ ದಿನ ಚೆನ್ನಿ ಕಣ್ಣು ಬಿಟ್ಟಿತು. ನೀರು ಕೇಳಿತು. ತಾಯಿಯ ಗುರುತು ಹಿಡಿಯಿತು. ಮನೆಯವರಿಗೆ ಹೋದ ಉಸಿರು ಬಂತು. ಪೇಟೆಯ ಜನ ನೋಡಲು ಬಂದರು. ಬಂದವರೆಲ್ಲ ವ್ಯಾಪಾರಿಗೆ ಸಮಾಧಾನ ಹೇಳಿದರು. ಮಕ್ಕಳು ಎಂದ ಮೇಲೆ ಬೀಳುತ್ತವೆ ಎಂದರು. ಗ್ರಹಚಾರ ಎಂದರು. "ನೀವೇ ಬಿದ್ದವರಲ್ಲವೇ ಸ್ವಾಮಿ, ಈಗ ಹೇಗಿದ್ದೀರಿ ನೋಡಿ" ಎಂದರು. ಅವೆಲ್ಲ ಅವನದೇ ಮಾತುಗಳು. ಇನ್ನೊಬ್ಬರ ಬಾಯಲ್ಲಿ ಕೇಳುವಾಗ ಅವು ಅವನಿಗೆ ಹಿತವಾಗಲಿಲ್ಲ. ಆದರೂ ಹೌದು ಹೌದು ಎಂದ.

ವಾರದ ಮೇಲೆ ಅವನ ಸೋದರತ್ತೆ ಸಿದ್ದಮ್ಮ ಮಗುವನ್ನು ನೋಡಲು ಬಂದಳು. ಎಂಬತ್ತು ದಾಟಿದ ಮುದುಕಿ, ಅವನ ತಂದೆಯ ತಂಗಿ. ಆ ಮನೆಯಲ್ಲೇ ಹುಟ್ಟಿ ಬೆಳೆದವಳು. ಮಗುವಿನ ತಲೆ ಸವರಿದಳು. ಕೈಯ ಪಟ್ಟಿಯನ್ನು ಮುಟ್ಟಿದಳು. ಮಾತು ಬೆಳೆಸಬೇಕೆಂದು ವ್ಯಾಪಾರಿ ಅಭ್ಯಾಸದಂತೆ ಹುಬ್ಬಿನ ಗುರುತು ತೋರಿಸಿದ.

"ಏನು ಮಾಡುವುದು ಅತ್ತೆ, ಈ ಮನೆಯ ಮಕ್ಕಳ ಹಣೆಬರಹವೇ ಹೀಗೆ. ನಾನೂ ಇಲ್ಲೇ ಬಿದ್ದು ಎದ್ದವನಲ್ಲವೇ?"

ಸಿದ್ದಮ್ಮ ಅವನ ಮುಖವನ್ನೇ ನೋಡಿದಳು.

"ಎದ್ದವನು ನೀನು, ಮಗಾ. ಏಳದವನು ಒಬ್ಬನಿದ್ದ."

ಅವನಿಗೆ ಅರ್ಥವಾಗಲಿಲ್ಲ.

"ನಿನಗಿಂತ ಮೊದಲು ಒಬ್ಬ ಹುಟ್ಟಿದ್ದ. ಮರಿಸ್ವಾಮಿ ಎಂದು ಹೆಸರಿಟ್ಟಿದ್ದೆವು. ಎರಡು ವರ್ಷ ತುಂಬಿರಲಿಲ್ಲ. ನಿಮ್ಮಮ್ಮ ಬೀಸುವ ಕಲ್ಲಿನ ಮುಂದೆ ಕೂತಿದ್ದಳು. ಬಿದ್ದ ಸದ್ದೂ ಕೇಳಲಿಲ್ಲ. ತಾಯಿ ನೋಡಲಿಲ್ಲ ಎಂದು ಊರು ಆಡಿಕೊಳ್ಳುತ್ತದೆ ಅಂತ ನಿಮ್ಮಜ್ಜ ಮಗು ಜ್ವರದಿಂದ ತೀರಿಕೊಂಡಿತು ಎಂದು ಹೇಳಿಸಿದರು. ಆಮೇಲೆ ಮನೆಯಲ್ಲೂ ಯಾರೂ ಆ ಹೆಸರು ಎತ್ತಲಿಲ್ಲ."

"ಅಮ್ಮ ನನಗೆ ಒಂದು ದಿನವೂ ಹೇಳಲಿಲ್ಲ."

"ಹೇಗೆ ಹೇಳುತ್ತಾಳೆ? ನೀನು ಹುಟ್ಟಿದ ಮೇಲೆ ಅವಳು ಎಲ್ಲಿ ಕೂರುತ್ತಿದ್ದಳು, ನೆನಪಿದೆಯೇ?"

ವ್ಯಾಪಾರಿಗೆ ನೆನಪಿತ್ತು. ಅವನ ತಾಯಿ ಕೂರುತ್ತಿದ್ದದ್ದು ಮೆಟ್ಟಿಲ ಮೇಲೆ, ಎಲ್ಲಕ್ಕಿಂತ ಕೆಳಗಿನದರ ಮೇಲೆ. ಅಕ್ಕಿ ಆರಿಸುವುದು ಅಲ್ಲಿ, ತರಕಾರಿ ಹೆಚ್ಚುವುದು ಅಲ್ಲಿ, ಹೂ ಕಟ್ಟುವುದು ಅಲ್ಲಿ. ಅಲ್ಲಿ ತಂಪಾಗಿರುತ್ತದೆ, ಅದಕ್ಕೇ ಅಮ್ಮನಿಗೆ ಆ ಜಾಗ ಇಷ್ಟ ಎಂದು ಅವನು ಇಷ್ಟು ವರ್ಷ ತಿಳಿದುಕೊಂಡಿದ್ದ. ಅವಳು ಜ್ವರದಿಂದ ಮಲಗಿದ ಒಂದು ದಿನ ಮಾತ್ರ ಮೂರು ವರ್ಷದ ಅವನು ಮೆಟ್ಟಿಲು ಹತ್ತಿದ್ದ. ಬಿದ್ದದ್ದು ಆ ದಿನವೇ.

ಅವನು ಎದ್ದು ಹೋಗಿ ಆ ಕೆಳಗಿನ ಮೆಟ್ಟಿಲ ಮುಂದೆ ನಿಂತ. ಕೂರಲು ಅವನಿಗೆ ಧೈರ್ಯ ಬರಲಿಲ್ಲ.

ಮರುದಿನ ಬೆಳಗ್ಗೆ ತಾನೇ ಬಡಗಿಯ ಮನೆಗೆ ಹೋಗಿ ಅವನನ್ನು ಕರೆತಂದ. ಬಡಗಿ ಮೆಟ್ಟಿಲನ್ನು ನೋಡಿ, "ಕಟಕಟೆ ಕೂರಿಸಿದರೆ ಮೂಟೆ ಹೊತ್ತವರು ತಿರುಗುವುದು ಹೇಗೆ?" ಎಂದ.

"ಈ ಮಾತು ನನ್ನ ಅಜ್ಜನ ಕಾಲದಿಂದ ನಡೆದು ಬಂದಿದೆ," ಎಂದ ವ್ಯಾಪಾರಿ. "ಮೂಟೆ ತಿಂಗಳಿಗೆ ಎರಡು ದಿನ ಹತ್ತುತ್ತದೆ. ಮಗು ದಿನಾ ಇರುತ್ತದೆ. ದಾರಿ ಹುಡುಕು."

ದಾರಿ ಹುಡುಕಿದರೆ ಸಿಗದೆ ಇರುತ್ತದೆಯೇ? ಬಡಗಿ ಕಲ್ಲಿಗೆ ಕುಳಿ ಕೊರೆಸಿ, ಕಳಚಿ ಕೂಡಿಸಲು ಬರುವ ಕಟಕಟೆ ಮಾಡಿದ. ಮೂಟೆ ಏರಿಸುವ ದಿನ ಕಳಚಿಡಬಹುದು, ಸಂಜೆ ಮತ್ತೆ ಕೂಡಿಸಬಹುದು. ದಾಕ್ಷಾಯಣಿ ಪಕ್ಕದಲ್ಲಿ ನಿಂತು ಎಲ್ಲವನ್ನೂ ಹೇಳಿ ಮಾಡಿಸಿದಳು. ಸರಳುಗಳ ನಡುವೆ ಮಗುವಿನ ತಲೆ ತೂರಬಾರದು. ಬಾಗಿಲು ಬುಡಕ್ಕೊಂದು ಇದ್ದರೆ ಸಾಲದು, ಮೇಲೂ ಒಂದು ಬೇಕು. ಚಿಲಕ ದೊಡ್ಡವರ ಕೈಗೆ ಮಾತ್ರ ಎಟುಕಬೇಕು. ಗೋಡೆಯ ಪಕ್ಕ ಮಗುವಿನ ಎತ್ತರಕ್ಕೆ ಹಿಡಿದುಕೊಳ್ಳಲು ಒಂದು ಕಂಬಿ ಬೇಕು. ವ್ಯಾಪಾರಿ ಅವಳ ಒಂದು ಮಾತಿಗೂ ಅಡ್ಡ ಬರಲಿಲ್ಲ.

ಕೆಲಸ ಮುಗಿದ ಮೇಲೆ ಅವನು ಬಡಗಿಯನ್ನು ಬಿಡಲಿಲ್ಲ. ಪೇಟೆಯ ಮನೆಗಳೆಲ್ಲ ಒಂದೇ ಬಗೆಯವು, ಮೇಲೆ ಸರಕು, ಕೆಳಗೆ ಸಂಸಾರ. ಬಡಗಿಯನ್ನು ಕರೆದುಕೊಂಡು ಅವನು ಮನೆಮನೆಗೆ ಹೋದ. ಕೆಲವರು ಕೂಡಲೇ ಒಪ್ಪಿದರು. ಕೆಲವರು ಆಮೇಲೆ ನೋಡೋಣ ಎಂದರು. ಎಣ್ಣೆ ವ್ಯಾಪಾರಿಯೊಬ್ಬ ಮುಖದ ಮೇಲೆಯೇ ನಕ್ಕ.

"ನಿಮ್ಮ ಮೊಮ್ಮಗಳು ಬಿದ್ದಳೆಂದು ನಮ್ಮ ಮನೆಗೆ ಬಾಗಿಲೇ? ನಾವು ಐದು ಜನ ಅಣ್ಣತಮ್ಮಂದಿರು ಇದೇ ಮೆಟ್ಟಿಲ ಮೇಲೆ ಬಿದ್ದು ಎದ್ದು ದೊಡ್ಡವರಾದವರು. ಯಾರಿಗೆ ಏನಾಗಿದೆ?"

ಮೂರು ತಿಂಗಳ ಹಿಂದೆ ಬೆಲ್ಲದ ವ್ಯಾಪಾರಿ ಇದೇ ಮಾತನ್ನು ಇದೇ ನಗುವಿನಿಂದ ಹೇಳಿದ್ದ. ಆದ್ದರಿಂದ ಅವನಿಗೆ ಸಿಟ್ಟು ಬರಲಿಲ್ಲ.

"ನಿಮ್ಮ ತಾಯಿ ಒಳಗಿದ್ದಾರಲ್ಲವೇ? ಎಷ್ಟು ಮಕ್ಕಳನ್ನು ಹೆತ್ತಿರಿ ಎಂದು ಕೇಳಿ ಬನ್ನಿ. ನಾನು ಇಲ್ಲೇ ನಿಂತಿರುತ್ತೇನೆ."

ಎಣ್ಣೆ ವ್ಯಾಪಾರಿ ನಗುತ್ತಲೇ ಒಳಗೆ ಹೋದ. ಬೇಗ ಬರಲಿಲ್ಲ. ಬೆಲ್ಲದ ವ್ಯಾಪಾರಿ ಜಗಲಿಯ ಮೇಲೆ ಕೂತು ಕಾದ. ಒಳಗಿನಿಂದ ಮುದುಕಿಯೊಬ್ಬಳ ದನಿ ಕೇಳಿಸುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಕೊನೆಗೆ ಎಣ್ಣೆ ವ್ಯಾಪಾರಿ ಹೊಸಿಲಿಗೆ ಬಂದು ನಿಂತ. ಅವನ ಮುಖದಲ್ಲಿ ನಗುವಿರಲಿಲ್ಲ. ತಾಯಿ ಏನು ಹೇಳಿದಳೆಂದು ಅವನು ಹೇಳಲಿಲ್ಲ, ಇವನೂ ಕೇಳಲಿಲ್ಲ.

"ನಾಳೆ ಬೆಳಗ್ಗೆಯೇ ಬಡಗಿಯನ್ನು ಕಳಿಸಿ," ಎಂದ.

ಆ ವರ್ಷ ಮುಗಿಯುವಷ್ಟರಲ್ಲಿ ಪೇಟೆಯಲ್ಲಿ ಬಾಗಿಲಿಲ್ಲದ ಮೆಟ್ಟಿಲು ಉಳಿಯಲಿಲ್ಲ.

ಚೆನ್ನಿಯ ಎಡಗೈ ಪೂರ್ತಿ ಚಾಚಲು ಬರಲಿಲ್ಲ. ಅದೊಂದು ಉಳಿದೇ ಉಳಿಯಿತು. ಉಳಿದಂತೆ ಅವಳು ಚೆನ್ನಾಗಿಯೇ ಬೆಳೆದಳು. ಮೂರು ವರ್ಷ ತುಂಬಿದ ದಿನ ದಾಕ್ಷಾಯಣಿ ಬಾಗಿಲು ತೆರೆದು ಮಗಳಿಗೆ ಮೆಟ್ಟಿಲು ಹತ್ತುವುದನ್ನು ಕಲಿಸಿದಳು. ಹತ್ತುವಾಗ ಕಂಬಿಯ ಮೇಲೆ ಕೈ. ಇಳಿಯುವಾಗ ಮೆಟ್ಟಿಲಿಗೆ ಮುಖ ಮಾಡಿ, ಒಂದೊಂದೇ ಕಾಲು ಕೆಳಗೆ. ತಾಯಿ ಅವಳ ಹಿಂದೆಯೇ ಇದ್ದಳು. ವ್ಯಾಪಾರಿ ಕೆಳಗೆ ನಿಂತಿದ್ದ. ಕೂಗಬೇಕೆಂದು ಮಾತು ಗಂಟಲವರೆಗೆ ಬಂತು, ಅವನು ಬಾಯಿ ತೆರೆಯಲಿಲ್ಲ. ಮಗು ಹದಿಮೂರನ್ನೂ ಹತ್ತಿತು, ಹದಿಮೂರನ್ನೂ ಇಳಿಯಿತು, ಅವನ ಕಡೆ ನೋಡಿ ಇನ್ನೊಮ್ಮೆ ಎಂದಿತು. ಆ ಮಗು ಯಾವುದಕ್ಕೂ ಅಂಜುವ ಮಗುವಾಗಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ತಂಗಿಯ ಮನೆಗೆ ಹೋಗಿ ಏನು ಹೇಳಬೇಕೆಂಬುದು ಸಂಗಯ್ಯನಿಗೆ ಈಗ ಸ್ಪಷ್ಟವಾಗಿತ್ತು. ಆದರೆ ಅಲ್ಲಿಯ ಹಿರಿಯರು ಏನು ಕೇಳುತ್ತಾರೆಂಬುದೂ ಗೊತ್ತಿತ್ತು. ಅದನ್ನೇ ಕೇಳಿದ.

"ಆ ಪೇಟೆಯ ಬಾಗಿಲುಗಳಿಂದ ಮುಂದೆ ಎಷ್ಟು ಮಕ್ಕಳು ಉಳಿದವು, ಗುರುಗಳೇ? ಯಾರಿಗಾದರೂ ಗೊತ್ತೇ?"

"ನಿನ್ನ ಎಳವೆಯಲ್ಲಿ ನಿನ್ನನ್ನು ಯಾರು ಎಷ್ಟು ಸಲ ಉಳಿಸಿದರು ಎಂದು ನಿನಗೆ ಗೊತ್ತೇ, ಸಂಗಯ್ಯ?" ಎಂದರು ಗುರುಗಳು.