ಮುದ್ದೆ ಕಲಿಸಿದ ಇಂಗ್ಲಿಷು

ನಮ್ಮ ಮಂಡ್ಯದ ಹಾಸ್ಟೆಲ್ಲಿಗೆ ಹೊಸ ವಾರ್ಡನ್ ಬಂದ್ರು ನೋಡಿ, ಉತ್ತರ ಕರ್ನಾಟಕದ ರೊಟ್ಟಿ ಸೀಮೆಯೋರು. ಬಂದೋರೇ ಅಡುಗೆ ಮಾಡೋ ನಿಂಗಾಜಕ್ಕಂಗೆ, "ಇಲ್ಲಿ ಎಲ್ಲಾರಿಗೂ ಇಂಗ್ಲಿಷ್ ಬರಬೇಕು. ಸ್ವಾಲೋ ಅಂದ್ರ ಏನು, ಹೇಳವ್ವ. ಗೊತ್ತಿಲ್ಲಂದ್ರ ನಾಳಿಂದ ಕೆಲಸಕ್ಕ ಬರಬ್ಯಾಡ" ಅಂದ್ಬಿಟ್ರು. ತಟ್ಟೆ ಹಿಡ್ಕೊಂಡು ನಿಂತಿದ್ದ ನಾವೆಲ್ಲ ಅಕ್ಕನ ಕಡೆ ತಿರುಗಿದ್ವಿ.

ಅಕ್ಕ ಮಾತ್ರ, "ಊಟಕ್ ಕೂತ್ಕಳಿ ಸಾ, ಹೇಳ್ತೀನಿ" ಅಂತ ಬಿಸಿಬಿಸಿ ರಾಗಿಮುದ್ದೆ, ಬಸ್ಸಾರು ಬಡಿಸಿದ್ಲು. ವಾರ್ಡನ್ ಒಂದು ತುತ್ತು ಬಾಯಿಗಿಟ್ಟು ರೊಟ್ಟಿ ಅಗಿದಂಗೆ ಅಗಿದ್ರು. ಮುದ್ದೆ ಹಲ್ಲಿಗೆಲ್ಲ ಮೆತ್ಕೊಂಡು ಬಾಯೇ ಬಿಡೋಕಾಗ್ಲಿಲ್ಲ.

"ನೀವೀಗ ಮಾಡ್ತಿರೋದು ಚ್ಯೂ, ಸಾ" ಅಂದ್ಲು ಅಕ್ಕ. ಆಮೇಲೆ ತಾನೊಂದು ತುತ್ತು ಸಾರಲ್ಲಿ ಅದ್ದಿ ಗುಳುಕ್ಕಂತ ನುಂಗಿದ್ಲು. "ಇದು ಸ್ವಾಲೋ."

ವಾರ್ಡನ್ ನೀರು ಕುಡಿದ್ರು, ಅವಳಂಗೇ ನುಂಗಿ ನೋಡಿದ್ರು, ತಟ್ಟೆ ಮುಂದಕ್ಕೆ ತಳ್ಳಿದ್ರು.

"ನಾಳೆ ಲಗೂನ ಬಾರವ್ವ. ಈಗ ಇನ್ನೊಂದು ಮುದ್ದಿ ನೀಡು."