ಅಕ್ಕಣಿಯ ಓರೆ

ಕುಂದಾಪುರದಿಂದ ಬಡಗಲಾಗಿ ಹೋದರೆ ಸಿಗುವ ಮರಳುಕೇರಿಯ ದಂಡೆಯನ್ನು ಈಗ ನೋಡಿದವರು, ಇದು ಒಂದು ಕಾಲಕ್ಕೆ ಹಾಳುಬಿದ್ದ ಜಾಗವೆಂದರೆ ನಂಬಲಾರರು. ನೀರಿನ ಕಡೆಗೆ ಮರಳಿಗಂಟಿ ಹಬ್ಬಿದ ಅಡುಂಬು ಬಳ್ಳಿ, ಅದರ ಹಿಂದೆ ಮುಳ್ಳಿನ ಕೇದಗೆ, ಅದರ ಹಿಂದೆ ಹೊನ್ನೆಮರಗಳ ಸಾಲು. ಈ ಹಸಿರಿನ ನಡುವೆ ದೋಣಿ ಎಳೆಯುವ ದಾರಿಯೊಂದಿದೆ. ಅದು ನೆಟ್ಟಗೆ ಕಡಲಿಗಿಳಿಯದೆ, ಕುಡಿದವನ ಹೆಜ್ಜೆಯ ಹಾಗೆ ಬಡಗಕ್ಕೆ ವಾಲುತ್ತದೆ. ಅಕ್ಕಣಿಯ ಓರೆ ಎನ್ನುತ್ತಾರೆ. ಹೊರಗಿನವರು ನಗುತ್ತಾರೆ, ಕೇರಿಯವರು ನಗುವುದಿಲ್ಲ.

ಹಿಂದೆ ಒಮ್ಮೆ ಹಡಗು ಕಟ್ಟುವವರು ಇಲ್ಲಿಯ ಮರಗಳನ್ನೆಲ್ಲ ಕಡಿದೊಯ್ದರಂತೆ. ತಡೆಯುವವರಿಲ್ಲದ ಗಾಳಿ ಮರಳನ್ನು ಹೊತ್ತು ತಂದು ಬಾವಿ ತುಂಬಿತು, ಗುಡಿಸಲುಗಳನ್ನು ಮುಚ್ಚಿತು. ಮೂರು ಮಳೆಗಾಲದೊಳಗೆ ಮರಳು ನಿಲ್ಲದಿದ್ದರೆ ಕೇರಿಯನ್ನೇ ಎಬ್ಬಿಸಿ ಘಟ್ಟದ ಬುಡಕ್ಕೆ ಕಳಿಸುವುದಾಗಿ ಸೀಮೆಯ ಅರಸರು ಹೇಳಿಕಳಿಸಿದರು. ಕಡಲು ಬಿಟ್ಟು, ಬಲೆ ಬೀಸುವ ಮೊಗವೀರರು ಅಲ್ಲೇನು ಗೆಣಸು ಅಗೆಯಬೇಕೇ? ಗಂಡಸರು ತಲೆಯ ಮೇಲೆ ಕೈಹೊತ್ತು ಕೂತರು. ಮೀನು ಹೊತ್ತು ಊರೂರು ತಿರುಗುತ್ತಿದ್ದ ಅಕ್ಕಣಿ ಎಂಬ ವಿಧವೆಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಯಾವ ದಂಡೆಯಲ್ಲಿ ಯಾವ ಗಿಡದ ಬುಡಕ್ಕೆ ಮರಳು ನಿಲ್ಲುತ್ತದೆಂದು ಅವಳು ನೋಡಿಬಂದಳು. ಮನೆಮನೆಯ ಹರಿದ ಬಲೆಗಳನ್ನು ಮರಳಲ್ಲಿ ಹೂತು, ಬಲೆಯ ಕಣ್ಣುಕಣ್ಣಿಗೆ ಬಳ್ಳಿಯ ತುಂಡು ನೆಟ್ಟಳು, ಹಿಂದೆ ಕೇದಗೆ ಊರಿದಳು. ಉಣ್ಣುವಾಗಲೂ ಎದ್ದೆದ್ದು ಗಾಳಿ ನೋಡುತ್ತಿದ್ದಳಂತೆ. ಎರಡು ವರ್ಷಕ್ಕೆ ಮರಳು ನಿಂತಿತು, ದೋಣಿಗೆಂದು ನೆಟ್ಟಗೆ ಬಿಟ್ಟಿದ್ದ ಗಂಡಿಯೊಂದನ್ನು ಬಿಟ್ಟು. ಗಾಳಿ ಅಲ್ಲೇ ನುಗ್ಗುತ್ತಿತ್ತು. ಮೂರನೆಯ ಮಳೆಗಾಲದಲ್ಲಿ ಅವಳು ಅದಕ್ಕೂ ಕೇದಗೆಯ ಮುಳ್ಳು ಜಡಿದಳು.

“ಅಕ್ಕ, ಇದ್ನ್ ಮುಚ್ಚಿರೆ ದೋಣಿ ಎಲ್ಲಿ ಎಳುದ್?” ಎಂದು ಕೇಳಿದವನು ಅವಳ ತಮ್ಮ ಬಚ್ಚ.

“ನೂಲಹುಣ್ಮಿಗ್ ಮೊದ್ಲ್ ಯಾರ್ ಕಡ್ಲಿಗ್ ಇಳಿತ್ರ್? ಅರಸ್ರ ಬದಿಯರ್ ಕಂಡ್ಕಂಡ್ ಹೋಯ್ಲಿ, ಮತ್ತ್ ತೆಗಿತೆ.”

ಶ್ರಾವಣದ ನೂಲಹುಣ್ಣಿಮೆಗೆ ಕಡಲಿಗೆ ಹಾಲೆರೆಯುವ ತನಕ ದೋಣಿ ಇಳಿಸಬಾರದೆಂಬುದು ಕಟ್ಟು. ಅವಳು ನಂಬಿದ್ದು ಆ ಕಟ್ಟನ್ನು. ಹಸಿವನ್ನು ಅವಳು ಲೆಕ್ಕಕ್ಕೆ ಹಿಡಿಯಲಿಲ್ಲ. ಹುಣ್ಣಿಮೆಗೆ ನಾಲ್ಕು ದಿನವಿರುವಾಗ ಮಳೆ ಬಿಟ್ಟು ಹೊಳವಾಯಿತು. ಮಕ್ಕಳ ಅಳು ಕೇಳಲಾರದೆ ಬಚ್ಚ ಕೇರಿಯ ಹಿಂದಿನ ನದಿಯ ಕಡೆಯಿಂದ ದೋಣಿ ತಳ್ಳಿಕೊಂಡು ಹೋದ. ಮಧ್ಯಾಹ್ನ ಗಾಳಿ ತಿರುಗಿ, ನದಿಯ ಬಾಯಿಗೆ ಮರಳಲಾಗಲಿಲ್ಲ. ದೋಣಿ ದಡಕ್ಕೆ ಬಂತು, ಆದರೆ ಮೇಲೆಳೆಯಲು ಗಂಡಿಯಿರಲಿಲ್ಲ. ಕೇರಿಯ ಗಂಡಸರು ಮುಳ್ಳಿನ ಈಚೆ ನಿಂತು ಕತ್ತಿ ಬೀಸುತ್ತಿರುವಾಗಲೇ ತೆರೆ ಬಂದು ದೋಣಿಯನ್ನು ಮಗುಚಿತು. ಹತ್ತು ಮಾರು ದೂರದಲ್ಲಿ ಮುಳುಗಿದ ತಮ್ಮನನ್ನು ಅಕ್ಕಣಿ ಕಣ್ಣಾರೆ ಕಂಡಳು. ಆ ಸಂಕಟ ಶತ್ರುವಿಗೂ ಬೇಡ.

ಮೂರನೆಯ ದಿನ ಅರಸರ ಕಡೆಯವರು ಬಂದು, ಮರಳು ನಿಂತಿದೆ, ಕೇರಿ ಇಲ್ಲೇ ಇರಲಿ ಎಂದರು. ಅವರು ಹೋದದ್ದೇ ಅಕ್ಕಣಿ ಕತ್ತಿ ಹಿಡಿದಳು. ನೆಟ್ಟಗೆ ಕಡಿದರೆ ಮರಳು ನುಗ್ಗುತ್ತದೆ, ಕಡಿಯದಿದ್ದರೆ ಜೀವ ಹೋಗುತ್ತದೆ. ಗಾಳಿಗೆ ಬೆನ್ನು ಕೊಟ್ಟು ಓರೆಯಾಗಿ ಕಡಿಯುತ್ತ ಹೋದಳು. ಕೈಯೆಲ್ಲ ರಕ್ತವಾದರೂ ಕತ್ತಿಯನ್ನು ಬೇರೆಯವರಿಗೆ ಕೊಡಲಿಲ್ಲ ಎನ್ನುತ್ತಾರೆ.

ಇಂದಿಗೂ ನೂಲಹುಣ್ಣಿಮೆಯ ಬೆಳಿಗ್ಗೆ ಬಂದವರು ನೋಡಬಹುದು. ಒಂದು ದೋಣಿಯೂ ನೀರಿಗಿಳಿದಿರುವುದಿಲ್ಲ. ಕೇರಿಯ ಹಿರಿಯ ಹೆಂಗಸೊಬ್ಬಳು ಆ ಓರೆದಾರಿಗೆ ಚಾಚಿದ ಕೇದಗೆಯನ್ನು ಸವರುತ್ತ ಕಡಲಂಚಿನ ತನಕ ಹೋಗಿ, ಬರಿಯ ನೀರಿನ ಕಡೆ ಮುಖಮಾಡಿ ಗಟ್ಟಿಯಾಗಿ ಕೂಗುತ್ತಾಳೆ: “ಬಾ ತಮ್ಮಾ, ಈಗ ದಾರಿ ಇತ್ತ್!”