ಲಕ್ಕಪ್ಪನ ತೋಳ

"ಗುರುಗಳೇ, ಬಾಜಿ ಕಟ್ಟುವವನು ಇಷ್ಟೇ ಸಾಕು ಎಂದು ತಾನಾಗಿ ನಿಲ್ಲಬೇಕಲ್ಲವೇ? ನಿಲ್ಲಲಾಗದೆ ಇನ್ನೊಬ್ಬರ ಮುಂದೆ ಹೋಗಿ ಕಾಪಾಡಿ ಎಂದರೆ ಅದು ಅವಮಾನವಲ್ಲವೇ?" ಎಂದು ಚೆನ್ನವೀರ ಕೇಳಿದ.

ಗುರುಗಳು ನಕ್ಕರು. "ಪ್ರಶ್ನೆಯ ಜೊತೆಗೇ ಉತ್ತರವನ್ನೂ ಕಟ್ಟಿಕೊಂಡು ಬಂದಿದ್ದೀಯಲ್ಲೋ! ಅದನ್ನು ಸ್ವಲ್ಪ ಆ ಕಡೆ ಇಡು. ಇದನ್ನು ಕೇಳು" ಎಂದು ಹೇಳತೊಡಗಿದರು.

ಒಂದು ಹುಲ್ಲುಗಾವಲಿನಲ್ಲಿ ಐದು ಮನೆಗಳ ಕುರುಬರ ಹಟ್ಟಿ ಇತ್ತು. ಅಲ್ಲಿ ಲಕ್ಕಪ್ಪ ಎಂಬ ಕುರಿಗಾಹಿ ಇದ್ದ. ಅವನಿಗೆ ಅರವತ್ತು ಹೆಣ್ಣುಕುರಿಗಳಿದ್ದವು. ಕುರಿಯ ಕೆಮ್ಮು ಕೇಳಿಯೇ ಅದರ ರೋಗ ಹೇಳಬಲ್ಲವನು ಎಂದು ಹಟ್ಟಿಯವರೆಲ್ಲ ಅವನನ್ನು ಹೊಗಳುತ್ತಿದ್ದರು.

ಆ ಹಟ್ಟಿಯಲ್ಲಿ ಒಂದು ಪದ್ಧತಿ. ಸಂಜೆ ಕುರಿಗಳನ್ನು ದಡ್ಡಿಯೊಳಗೆ ಕೂಡುವಾಗ ಯಾರೂ ತಮ್ಮ ಕುರಿಗಳನ್ನು ತಾವೇ ಎಣಿಸುವಂತಿರಲಿಲ್ಲ. ಪಕ್ಕದ ಮನೆಯವರು ದಡ್ಡಿಯ ಬಾಯಲ್ಲಿ ನಿಂತು ಎಣಿಸಬೇಕು. ಯಾಕೆಂದರೆ ಒಡೆಯನ ಕಣ್ಣಿಗೆ ಇಲ್ಲದ ಕುರಿಯೂ ಕಾಣುತ್ತದೆ. ಅಗೋ ಹಿಂದೆ ಬರುತ್ತಿದೆ, ಇಗೋ ಅದರ ಮರೆಯಲ್ಲಿದೆ ಎಂದು ಮನಸ್ಸು ತಾನೇ ಲೆಕ್ಕ ತುಂಬಿಸಿಬಿಡುತ್ತದೆ. ಲಕ್ಕಪ್ಪನ ಕುರಿಗಳನ್ನು ಪಕ್ಕದ ಗುಡಿಸಲಿನ ಮುದುಕಿ ಹಾಲವ್ವ ಎಣಿಸುತ್ತಿದ್ದಳು.

ವಾರಕ್ಕೊಮ್ಮೆ ಸಂತೆ. ಸಂತೆಯ ಆಚೆ ಬಯಲಿನಲ್ಲಿ ಟಗರಿನ ಕಾಳಗ. ಲಕ್ಕಪ್ಪ ಅಲ್ಲಿಗೆ ಹೋಗುತ್ತಿದ್ದ, ಬಾಜಿಯನ್ನೂ ಕಟ್ಟುತ್ತಿದ್ದ. ಮಾರಲೆಂದು ತಂದ ಗಂಡುಮರಿಗಳಲ್ಲಿ ಒಂದೇ ಒಂದನ್ನು ಒಡ್ಡುವುದು, ಅದಕ್ಕಿಂತ ಹೆಚ್ಚಿಲ್ಲ. ಗೆದ್ದರೂ ಸೋತರೂ ಮಂಡಕ್ಕಿ ಮಿರ್ಚಿ ತಿಂದು, ಹೆಂಡತಿಗೆ ಒಂದಿಷ್ಟು ಬೆಲ್ಲ ಕಟ್ಟಿಸಿಕೊಂಡು, ನಗುನಗುತ್ತ ಮನೆಗೆ ಬರುತ್ತಿದ್ದ. ಹೀಗೆ ಒಂದು ವರ್ಷ ನಡೆಯಿತು. ಅದರಿಂದ ಯಾರಿಗೂ ಕೇಡಾಗಲಿಲ್ಲ. ಆಗದ್ದನ್ನು ಆಯಿತು ಎಂದು ನಾನೇಕೆ ಹೇಳಲಿ?

ಆದರೆ ಕುರಿಗಳ ನಡುವೆ ಹುಟ್ಟಿ ಬೆಳೆದವನಿಗೆ ಒಂದು ಜಂಬ ಇತ್ತು. ಟಗರಿನ ಕತ್ತು, ಗೊರಸು, ಉಸಿರು ನೋಡಿದರೆ ಸಾಕು, ಸೋಲುವುದು ಯಾವುದೆಂದು ಹೇಳಬಲ್ಲೆ ಎಂದು ನಂಬಿದ್ದ. ಒಂದು ಸಂತೆಯ ದಿನ ಅವನು ಆರಿಸಿದ ಟಗರು ಎರಡೇ ಗುದ್ದಿಗೆ ಬೆನ್ನು ತಿರುಗಿಸಿ ಓಡಿತು. ಕುರಿಯ ವಾಸನೆಯೇ ಗೊತ್ತಿಲ್ಲದ ಪೇಟೆಯವನೊಬ್ಬ ಗೆದ್ದ. ಲಕ್ಕಪ್ಪನಿಗೆ ಮೈಯೆಲ್ಲ ಉರಿದುಹೋಯಿತು. "ಇನ್ನೊಂದು ಆಟ" ಎಂದ. ಕೈಯಲ್ಲಿ ಮರಿ ಇರಲಿಲ್ಲ. ಹಟ್ಟಿಯಲ್ಲಿದ್ದ ತನ್ನ ಹೆಣ್ಣುಕುರಿಯೊಂದನ್ನು ಮಾತಿನಲ್ಲೇ ಒಡ್ಡಿದ, ಸೋತ. ಮರುದಿನ ಕುರಿ ಮೇಯುವಲ್ಲಿಗೇ ಗೆದ್ದವನು ಬಂದು ಅದನ್ನು ಹೊಡೆದುಕೊಂಡು ಹೋದ.

ಸಂಜೆ ಹಾಲವ್ವ ಎಣಿಸಿ ಹೇಳಿದಳು: "ಲಕ್ಕಪ್ಪಾ, ಒಂದು ಕಡಿಮಿ ಐತಲ್ಲೋ."

ನಿಜ ಹೇಳಲು ಅವನಿಗೆ ಬಾಯಿ ಬರಲಿಲ್ಲ. ಕುರಿಯ ಗುಣ ಬಲ್ಲವನು ಟಗರನ್ನು ನಂಬಿ ಮೋಸಹೋದೆ ಎಂದು ಹೇಗೆ ಹೇಳಬೇಕು? ನಾಲ್ಕು ಜನ ನಕ್ಕಾರು. "ತೋಳ ಒಯ್ತು, ಅವ್ವಾ" ಎಂದುಬಿಟ್ಟ.

ಹಾಲವ್ವ ಅಯ್ಯೋ ಎಂದಳು. ಹಟ್ಟಿಯವರೆಲ್ಲ ಅಯ್ಯೋ ಎಂದರು. ಹೆಂಡತಿ ಮಾತ್ರ ಕುರಿಯ ಮಾತೆತ್ತಲಿಲ್ಲ. ತೋಳ ಗಂಡನ ಮೇಲೆಯೇ ಎರಗಿದರೆ ಏನು ಗತಿ ಎಂದು ಹೆದರಿ, ಅವನ ತೋಳಿಗೆ ತಾಯತ ಕಟ್ಟಿದಳು. ಅವಳು ಗಂಟು ಹಾಕುವಾಗ ಲಕ್ಕಪ್ಪನಿಗೆ ಭೂಮಿಯೊಳಗೆ ಇಳಿದುಹೋಗಬೇಕು ಅನ್ನಿಸಿತು. ಆದರೂ ಹೇಳಲಿಲ್ಲ.

ಹೋದ ಕುರಿಯನ್ನು ಗೆದ್ದು ತಂದುಬಿಟ್ಟರೆ ಆಯಿತು ಎಂದುಕೊಂಡ. ಮುಂದಿನ ಸಂತೆಯಲ್ಲಿ ಎರಡನ್ನು ಒಡ್ಡಿದ. ಒಮ್ಮೆ ಗೆಲ್ಲುತ್ತಿದ್ದ, ಮೂರು ಸಲ ಸೋಲುತ್ತಿದ್ದ. ಎಣಿಕೆ ಕಡಿಮೆಯಾದಾಗಲೆಲ್ಲ ಹಾಲವ್ವನಿಗೆ ಅದೇ ತೋಳದ ಹೆಸರು ಹೇಳುತ್ತಿದ್ದ. ಗೆದ್ದದ್ದು ವಾರವಿಡೀ ನೆನಪಿರುತ್ತಿತ್ತು, ಸೋತದ್ದು ದಾರಿಯಲ್ಲೇ ಮರೆತುಹೋಗುತ್ತಿತ್ತು. ಬೀರದೇವರ ಗುಡಿಗೆ ಹೋಗಿ ಭಂಡಾರದ ಅರಿಶಿನ ಮುಟ್ಟಿ ಆಣೆ ಮಾಡಿದ. ಇನ್ನು ಬಾಜಿಯ ಬಯಲಿಗೆ ಕಾಲಿಡುವುದಿಲ್ಲ ಎಂದ. ಆಣೆ ಎರಡು ಸಂತೆ ಬಾಳಿತು. ಮೂರನೆಯ ಸಂತೆಗೆ ಮುರಿಯಿತು. ಆಣೆ ಮುರಿದವನಿಗೆ ಇನ್ನೇನು ಉಳಿಯಿತು ಎಂದು ಆ ದಿನ ಮೂರು ಕುರಿ ಒಡ್ಡಿದ. ಅರವತ್ತು ತುಂಬಿದ ಮೇಲೆ ಎಲ್ಲರಿಗೂ ಹೇಳಿಬಿಡುತ್ತೇನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅರವತ್ತು ತುಂಬಿದ ಮೇಲೆ ಹೇಳುವುದಕ್ಕೆ ಏನಿರುತ್ತದೆ, ಹುಚ್ಚಪ್ಪ!

ಒಂದು ಸಂಜೆ ಅವನು ದಡ್ಡಿಯ ಬಾಯಿಗೆ ಮೊದಲೇ ಹೋಗಿ ನಿಂತ. "ಇವತ್ತು ನಾನೇ ಎಣಿಸ್ತೀನಿ ಬಿಡವ್ವಾ, ನಿನಗ ಕಣ್ಣು ಮಬ್ಬಾಗ್ಯಾವು" ಎಂದ.

"ನೀ ಎಣಿಸಿದ್ರ ಅರವತ್ತ ಆಗ್ತಾವಪ್ಪಾ. ಸರಿ ಆ ಕಡೆ" ಎಂದಳು ಹಾಲವ್ವ. ಎಣಿಸಿದಳು. ನಲವತ್ತೊಂದು.

ಹಟ್ಟಿಯ ಹಿರಿಯ ಬೀರಣ್ಣ ಎಲ್ಲರನ್ನೂ ಕರೆದ. ಒಂದು ತೋಳ ಹತ್ತೊಂಬತ್ತು ಕುರಿಗಳನ್ನು ಒಯ್ದಿದೆ, ಒಂದು ನಾಯಿಯೂ ಬೊಗಳಿಲ್ಲ, ಇದು ಸಾಮಾನ್ಯದ್ದಲ್ಲ ಎಂದ. ನಾಳೆಯೇ ಈ ಜಾಗ ಬಿಟ್ಟು ಕಲ್ಲುಗುಡ್ಡದ ಆಚೆ ಹೋಗೋಣ ಎಂದು ತೀರ್ಮಾನವಾಯಿತು. ಮೂರು ದಿನದ ದಾರಿ, ನಡುವೆ ನೀರಿಲ್ಲ. ಕುರಿಗಳೆಲ್ಲ ತುಂಬು ಗಬ್ಬ. ಅಷ್ಟು ದೂರ ನಡೆಸಿದರೆ ಅರ್ಧಕ್ಕರ್ಧ ದಿನ ತುಂಬುವ ಮೊದಲೇ ಕಂದು ಹಾಕುತ್ತವೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಲಕ್ಕಪ್ಪನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅಲ್ಲಿ ಇಲ್ಲದ ತೋಳಕ್ಕೆ ಹೆದರಿ ಐದು ಮನೆಗಳು ಹಾಳಾಗಲಿದ್ದವು.

ಬೆಳಗಾಯಿತು. ಕಂಬಳಿಗಳನ್ನು ಸುತ್ತಿ, ಗಡಿಗೆಗಳನ್ನು ಕತ್ತೆಯ ಮೇಲೆ ಹೇರಿದ್ದರು. ಹಾಲವ್ವ ತನ್ನ ಗಬ್ಬದ ಕುರಿಯೊಂದನ್ನು ಎಬ್ಬಿಸಲು ಹೆಣಗುತ್ತಿದ್ದಳು. ಅದು ಏಳಲೊಲ್ಲದು. ಲಕ್ಕಪ್ಪ ಅದನ್ನು ನೋಡಿದ. ಅವನಿಗೆ ತಡೆಯಲಾಗಲಿಲ್ಲ.

"ನಿಲ್ಲ್ರಿ. ತೋಳ ಇಲ್ಲ. ನಾನೇ ಬಾಜಿಗೆ ಕಟ್ಟಿ ಕಳೆದೀನಿ. ಬಿಡಬೇಕಂತೀನಿ, ಬಿಡಾಕ ಆಗವಲ್ದು. ನನ್ನನ್ನ ಹಿಡೀರಿ" ಎಂದು ಅಳತೊಡಗಿದ.

ಬೀರಣ್ಣ ಕೈಕೋಲು ಎತ್ತಿದ. ಬಾಯಿಗೆ ಬಂದದ್ದನ್ನೆಲ್ಲ ಬೈದ. ಹೆಂಡತಿ ಮುಖ ತಿರುಗಿಸಿ ಕೂತಳು. ಆ ನಾಲ್ಕು ಜನ ನಗುತ್ತಾರೆಂದು ಅವನು ಹೆದರಿದ್ದನಲ್ಲ, ಯಾರೂ ನಗಲಿಲ್ಲ. ಕೊನೆಗೆ ಹಾಲವ್ವ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಬಂದಳು.

"ನಿನ್ನ ಕುರಿ ನಾವು ಎಣಿಸೋದಿಲ್ಲೇನೋ ಮೂಳಾ? ಇನ್ನ ಸಂತಿ ದಿನ ನಿನ್ನನ್ನೂ ಎಣಿಸ್ತೀವಿ, ಬಾ" ಎಂದಳು.

ಗಡಿಗೆಗಳನ್ನು ಕತ್ತೆಯಿಂದ ಇಳಿಸಿದರು. ಅಂದಿನಿಂದ ಲಕ್ಕಪ್ಪನ ಮರಿಗಳನ್ನು ಸಂತೆಗೆ ಬೀರಣ್ಣ ಹೊಡೆದುಕೊಂಡು ಹೋಗುತ್ತಿದ್ದ. ಲಕ್ಕಪ್ಪ ಹಾಲವ್ವನ ಅಂಗಳದಲ್ಲಿ ಕೂತು ಉಣ್ಣೆ ನೂಲುತ್ತಿದ್ದ. ಮನಸ್ಸು ಬಯಲಿನ ಕಡೆ ಎಳೆದಾಗಲೆಲ್ಲ "ಅವ್ವಾ, ಎಳೀತೈತಿ" ಎಂದು ಬಾಯಿಬಿಟ್ಟು ಹೇಳಬೇಕು, ಅದೊಂದೇ ಕರಾರು. ಹೇಳಿದರೆ ಅವಳು ಒಂದು ಲೋಟ ಮಜ್ಜಿಗೆ ಕೊಟ್ಟು, ತನ್ನ ಮದುವೆಯ ಉದ್ದನೆಯ ಕತೆ ಹೇಳುತ್ತಿದ್ದಳು. ಆ ಕತೆ ಮುಗಿಯುವಷ್ಟರಲ್ಲಿ ಎಂಥ ಎಳೆತವಾದರೂ ಸುಸ್ತಾಗಿ ಬೀಳಬೇಕು! ಆರನೆಯ ವಾರ ಅವನು ಕಣ್ಣುತಪ್ಪಿಸಿ ಓಡಿದ, ಒಂದು ಮರಿಯನ್ನು ಒಡ್ಡಿ ಸೋತ. ಆದರೆ ಅದೇ ಸಂಜೆ ತಾನಾಗಿ ಬಂದು, "ಅವ್ವಾ, ಇವತ್ತು ಜಾರಿದೆ" ಎಂದ. ಬೈಗುಳ ತಿಂದ, ಉಂಡ, ಮಲಗಿದ. ಮರುವಾರ ಮತ್ತೆ ನೂಲಲು ಕೂತ.

ಆ ಹುಲ್ಲಿನಲ್ಲೇ ಕುರಿಗಳು ಈದವು. ಹಟ್ಟಿಯ ತುಂಬ ಮರಿಗಳ ಕೂಗು. ಹೆಂಡತಿ ಒಂದು ದಿನ ತಾನಾಗಿಯೇ ಮಾತಾಡಿದಳು, "ರೊಟ್ಟಿ ಆರತೈತಿ, ಬಾ" ಎಂದಳು. ಲಕ್ಕಪ್ಪನಿಗೆ ಆ ದಿನ ಹೊಟ್ಟೆಗಿಂತ ಎದೆ ಹೆಚ್ಚು ತುಂಬಿತು. ಸಂತೆಯ ದಿನ ಮನಸ್ಸು ಈಗಲೂ ಎಳೆಯುತ್ತಿತ್ತು. ಅವನು ಈಗಲೂ ಹೇಳುತ್ತಿದ್ದ.

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು.

ಚೆನ್ನವೀರನಿಗೆ ಸಮಾಧಾನವಾಗಲಿಲ್ಲ. "ಆದರೂ ಗುರುಗಳೇ, ಕೈಕೋಲು ಹಿಡಿದು ಬಾಳಿದ ಗಂಡಸು ಹಟ್ಟಿಯವರೆಲ್ಲರ ಎದುರು ಅತ್ತು ನನ್ನನ್ನು ಹಿಡಿಯಿರಿ ಎಂದನಲ್ಲ. ಅವನಿಗೆ ಎಷ್ಟು ನಾಚಿಕೆಯಾಗಿರಬೇಡ?" ಎಂದ.

ಗುರುಗಳು ಅವನ ಮುಖವನ್ನೇ ನೋಡುತ್ತ ಹೇಳಿದರು: "ಮಗು, ಬಾಜಿಗೆ ಹೋದದ್ದು ಮೊದಲನೆಯ ಕುರಿ ಒಂದೇ, ಉಳಿದ ಹದಿನೆಂಟೂ ಹೋದದ್ದು ಆ ನಾಚಿಕೆಗೆ."